ಕೆಳಗಿಡಲಾಗದ ಕಲ್ಲು

ಮೊನ್ನೆ ಜಾತ್ರೆಯ ವೇದಿಕೆ ಮೇಲೆ ಅತಿಥಿಯೊಬ್ಬರು, 'ಕಷ್ಟ ಅಂದರೆ ದೇವರು ಮಾಡಿಸುವ ಸಾಮು, ಸಹಿಸಿದಷ್ಟೂ ಆತ್ಮ ಗಟ್ಟಿಯಾಗುತ್ತದೆ' ಎಂದರು. ಎದುರಿಗೆ ಕೂತಿದ್ದವರಲ್ಲಿ ಎರಡು ವರ್ಷ ಮಳೆ ಕೈಕೊಟ್ಟ ರೈತರೇ ಹೆಚ್ಚು. ಅವರೂ ಚಪ್ಪಾಳೆ ತಟ್ಟಿದರು. ನಾವು ಆ ಮಾತನ್ನೇ ತಲೆಬರಹ ಮಾಡಿ ಸುದ್ದಿ ಕಳಿಸಿದೆವು.

ಮರುದಿನ ಚಹಾದಂಗಡಿಯಲ್ಲಿ ಹಳೇ ಪೈಲ್ವಾನರೊಬ್ಬರು ಪೇಪರ್ ಮಡಚಿಟ್ಟು ಕೇಳಿದರು: "ತಮ್ಮಾ, ಇದನ್ನ ಹೇಳಿದವರು ಗರಡಿಮನಿ ಒಳಗ ಹೋಗ್ಯಾರೇನು?"

ನಾವೂ ಹೋದವರಲ್ಲ. ನಸುಕಿನಲ್ಲಿ ಅವರ ಬೆನ್ನು ಹತ್ತಿದೆವು. ಹುಡುಗರು ಹನುಮಪ್ಪನಿಗೆ ಕೈಮುಗಿದು, ಎಣ್ಣೆ, ಮಜ್ಜಿಗೆ, ಅರಿಸಿನ ಕುಡಿದ ಕೆಂಪು ಮಣ್ಣನ್ನು ಸಲಿಕೆಯಿಂದ ಕೆದರಿ ಮೆತ್ತಗೆ ಮಾಡುತ್ತಿದ್ದರು. ಬೀಳುವವನಿಗೆ ಪೆಟ್ಟಾಗಬಾರದಲ್ಲ! ಹೊಸ ಹುಡುಗನಿಗೆ ದಂಡ, ಬೈಠಕ್ ಮಾತ್ರ. ಅವನ ಉಸಿರು ನೋಡಿಯೇ ವಸ್ತಾದರು ಎಣಿಕೆ ಏರಿಸುತ್ತಾರೆ. ಸಂಗ್ರಾಣಿ ಕಲ್ಲಿನ ಹತ್ತಿರ ಈಗಲೇ ಬಿಡುವುದಿಲ್ಲ. ಸಾಮು ಮುಗಿದ ಮೇಲೆ ಖುರಾಕು, ನಿದ್ದೆ. ವೈದ್ಯರು ಹೇಳುವುದೂ ಇದನ್ನೇ: ಭಾರ ಎತ್ತುವಾಗ ಸ್ನಾಯುವಿನ ಎಳೆಗಳಿಗೆ ಸಣ್ಣ ಪೆಟ್ಟು ಬೀಳುತ್ತದೆ, ಅವು ಬಲಗೊಳ್ಳುವುದು ಉಂಡು ಮಲಗಿದಾಗ.

"ಕಲ್ಲು ಒಜ್ಜೆ ಆದ್ರ ಕೆಳಗ ಬಿಡಬಹುದು," ಎಂದರು ಪೈಲ್ವಾನರು. "ಸಾಲ ಬಿಡಾಕ ಬರತೈತೇನು?"

ನಮ್ಮ ತಲೆಬರಹ ನಮಗೇ ಚುಚ್ಚಿತು. ಬಿತ್ತಿದ್ದು ಒಣಗಿ, ಬಡ್ಡಿ ಬೆಳೆದು, ಮಗಳ ಫೀಸು ಕಟ್ಟಲಾಗದ ಮನೆಯಲ್ಲಿ ಎಣಿಕೆ ಹಾಕುವ ವಸ್ತಾದ ಯಾರು? ಖುರಾಕು ಎಲ್ಲಿದೆ? ಫಸಲ್ ಬಿಮಾ 2016ರಿಂದ ಇದೆ. ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2ರವರೆಗೆ ಕಂತು ರೈತನೇ ಕಟ್ಟುತ್ತಾನೆ. ಬೆಳೆ ಹೋದಾಗ ಪರಿಹಾರಕ್ಕಾಗಿ ಕಚೇರಿಗೆ ಅಲೆಯುವವನಿಗೆ 'ಇದೂ ಒಂದು ಸಾಮು' ಅನ್ನೋಣವೇ?

ಕಷ್ಟ ಕೆಲವರನ್ನು ಮಾಗಿಸಿದ್ದನ್ನು ನಾವೂ ಕಂಡಿದ್ದೇವೆ. ಗಂಡ ತೀರಿದ ಮೇಲೆ ಹೊಲ ಹಿಡಿದು, ಈಗ ಊರವರ ಜಗಳ ಬಗೆಹರಿಸುವ ಅವ್ವ ನಮ್ಮ ಓಣಿಯಲ್ಲೇ ಇದ್ದಾಳೆ. ಆದರೆ ಆಕೆಯ ತವರಿನವರು ಎರಡು ವರ್ಷ ಜೋಳದ ಚೀಲ ತಂದು ಇಳಿಸಿದ್ದರು. ಕಷ್ಟದಿಂದ ಏನು ಕಲಿತೆ ಅಂತ ಆಕೆ ಹೇಳಿದರೆ ನಾವು ಕೂತು ಕೇಳುತ್ತೇವೆ. ಶಾಲು ಹೊದ್ದವರು ವೇದಿಕೆಯಿಂದ ಹೇಳಿದರೆ, ಇನ್ನು ಮುಂದೆ ತಲೆಬರಹ ಕೊಡುವುದಿಲ್ಲ.

ಗರಡಿಯಲ್ಲಿ ಅಷ್ಟರಲ್ಲಿ ಒಬ್ಬ ಹುಡುಗ ಚಿತ್ ಆಗಿದ್ದ. ಗೆದ್ದವನೇ ಕೈಕೊಟ್ಟು ಎಬ್ಬಿಸಿದ. ಇಬ್ಬರೂ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡರು. ಪೈಲ್ವಾನರು ಅಂಗಿ ತೊಟ್ಟು ಹೊರಟೇಬಿಟ್ಟರು. ಬಾಜು ಮನೆಯವನ ಜೋಡಿ ಬ್ಯಾಂಕಿಗೆ ಹೋಗುವುದಿತ್ತಂತೆ. ಅವನಿಗೆ ಒಬ್ಬನೇ ಹೋಗಲು ಅಂಜಿಕೆ.