ಯಂತ್ರಕ್ಕೂ ಒಂದು ಪಡಸಾಲೆ ಬೇಕು

ನಮ್ಮ ನೆಲೋಗಿಯ ಕಡೆ ಮನೆಗೆ ಪಡಸಾಲೆ ಏತಕ್ಕೆ? ತೊಗರಿಯ ಚೀಲ ಹೊತ್ತು ತಂದ ಹಮಾಲನು ಅದನ್ನು ಅಲ್ಲಿ ಇಳಿಸುತ್ತಾನೆ; ಒಳಕೋಣೆಗೆ ಒಯ್ಯುವುದು ಮನೆಯವರ ಕೆಲಸ. ಇದು ಹಮಾಲನ ಮೇಲಿನ ಸಂಶಯವಲ್ಲ, ಮನೆಯ ಶಿಸ್ತು. ಗಣಕಯಂತ್ರಗಳಲ್ಲಿಯೂ ಈ ಶಿಸ್ತು ನೆಲೆಗೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಇಂದು ಒಂದೇ ದೊಡ್ಡ ಗಣಕದೊಳಗೆ ಅನೇಕ ವರ್ಚುವಲ್ ಯಂತ್ರಗಳು ಬಿಡಾರ ಹೂಡಿರುತ್ತವೆ. ಇವುಗಳಿಗೆ ಅತಿಥಿಗಳೆಂದೂ, ಆಶ್ರಯವಿತ್ತ ಗಣಕಕ್ಕೆ ಆತಿಥೇಯನೆಂದೂ ಹೆಸರು. ಡಿಸ್ಕು, ನೆಟ್‌ವರ್ಕ್ ಕಾರ್ಡು ಮೊದಲಾದ ಸಾಧನಗಳು ಪ್ರೊಸೆಸರಿನ ಕೈಹಿಡಿಯದೆ ಮೆಮೊರಿಯಲ್ಲಿ ನೇರವಾಗಿ ಓದಿ ಬರೆಯಬಲ್ಲವು. ಇದಕ್ಕೆ ಡಿಎಂಎ ಎನ್ನುತ್ತಾರೆ. ವೇಗದ ದೃಷ್ಟಿಯಿಂದ ಇದು ವರ. ಸಾಧನವು ಕೆಟ್ಟವರ ವಶವಾದರೆ ಅದೇ ಶಾಪ.

ಐಒಎಂಎಂಯು ಎಂಬ ದ್ವಾರಪಾಲಕನಿರುವನಲ್ಲ ಎಂದು ಕೇಳಬಹುದು. ಅವನ ಲೆಕ್ಕ ಸಾಮಾನ್ಯವಾಗಿ 4096 ಬೈಟುಗಳ ಪುಟಗಳದು. ಒಂದು ಪುಟ ತೆರೆದರೆ, ಅದರಲ್ಲಿಯೇ ಪಕ್ಕದಲ್ಲಿರುವ ಬೇರೆ ಗುಟ್ಟೂ ಸಾಧನಕ್ಕೆ ಕಾಣುತ್ತದೆ. 2019ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಸಂಗಡಿಗರೊಡನೆ ಪ್ರಕಟಿಸಿದ 'ಥಂಡರ್‌ಕ್ಲ್ಯಾಪ್' ಸಂಶೋಧನೆ ಇಂಥ ದೌರ್ಬಲ್ಯಗಳನ್ನು ತೋರಿಸಿಕೊಟ್ಟಿತು. ಮೇಲಾಗಿ, ಅತಿಥಿಗೆ ಕಾಣುವ ಸಾಧನವು ಎಷ್ಟೋ ವೇಳೆ ಆತಿಥೇಯನೇ ತೊಟ್ಟ ವೇಷ.

ಆದುದರಿಂದಲೇ ಪಡಸಾಲೆ ಬೇಕು. 2021ರ ಲಿನಕ್ಸ್ 5.15ರಲ್ಲಿ ಸಾಧನಕ್ಕೆಂದು ಮೆಮೊರಿಯ ಒಂದು ಭಾಗವನ್ನು ಮೀಸಲಿಡುವ ವ್ಯವಸ್ಥೆ ಬಂದಿತು. ಸರಕೆಲ್ಲ ಅಲ್ಲಿ ಇಳಿದು, ನಕಲಾಗಿ ಒಳಗೆ ಹೋಗುತ್ತದೆ. ಬರಿಯ ಮೀಸಲಾತಿಯಿಂದ ಆತಿಥೇಯನ ಕಣ್ಣು ತಪ್ಪದು. ಎಎಂಡಿ ಸಂಸ್ಥೆಯ ಎಸ್‌ಇವಿಯಂತೆ ಅತಿಥಿಯ ಖಾಸಗಿ ಮೆಮೊರಿಯನ್ನು ಗೂಢಲಿಪಿಯಲ್ಲಿಡುವ ಯುಕ್ತಿಯೂ ಜೊತೆಗಿರಬೇಕು. ಇನ್ನೊಂದು ಎಚ್ಚರ: ಚೀಲವನ್ನು ಪಡಸಾಲೆಯಲ್ಲಿಯೇ ತೂಗಿದರೆ, ತೂಗಿದ ಮೇಲೆ ಯಾರಾದರೂ ಬದಲಿಸಬಹುದು. ಮೊದಲು ಒಳಗೆ ತಂದು, ಅನಂತರ ಪರೀಕ್ಷಿಸತಕ್ಕದ್ದು.

ಹೀಗೆ ನಕಲು ಮಾಡುವುದರಿಂದ ವೇಗ ತಗ್ಗುವುದು ನಿಜ. ಆದರೆ ಯಾವುದನ್ನು ಕಾಯುತ್ತಿದ್ದೇವೆಂಬುದನ್ನೂ ನೋಡಬೇಡವೆ? ಕರ್ನಾಟಕದ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಜೇವರ್ಗಿ ತಾಲ್ಲೂಕಿನ ರೈತನ ಹೊಲಕ್ಕೆ ಇಂದು ಆಧಾರ ಆ ಅಕ್ಷರಗಳೇ. ಅಂಥ ದಾಖಲೆಯಲ್ಲಿ ಒಂದು ಸರ್ವೆ ನಂಬರು ಕೆಟ್ಟರೆ, ಕಚೇರಿಯ ಮೆಟ್ಟಿಲು ಸವೆಸುವವನು ರೈತನೇ ಹೊರತು ಯಂತ್ರವಲ್ಲ. ಕ್ಷಣದ ಒಂದಂಶ ಉಳಿಸುವುದಕ್ಕಾಗಿ ಈ ಅಪಾಯವನ್ನು ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಾರ್ವಜನಿಕ ದಾಖಲೆಗಳನ್ನು ವರ್ಚುವಲ್ ಯಂತ್ರಗಳಲ್ಲಿ ಇಡುವಲ್ಲೆಲ್ಲ ಸಾಧನಗಳಿಗೆ ಈ ಎಲ್ಲೆಯಿರಬೇಕೆಂದು ಕರಾರಿನಲ್ಲಿಯೇ ಬರೆಯಬೇಕು.

ಕಲಾ ವಿಭಾಗದ ನಮಗೆ ಇದೆಲ್ಲ ಏಕೆಂದು ಮಿತ್ರರು ಕೇಳದಿರಲಿ. ನಾಳೆ ಕಚೇರಿಗಳಲ್ಲಿ ಕುಳಿತು ಅಂಥ ಕರಾರುಗಳಿಗೆ ಸಹಿ ಹಾಕುವವರು ನಮ್ಮಲ್ಲಿಯೇ ಇದ್ದಾರೆ.