ಪರ್ಮನೆಂಟ್ ಅಂದ್ರೆ ಏನ್ರೀ?

ಇಲ್ಲಿ ಏನಾದರೂ ಬರೆದು ಬಹಳ ದಿನ ಆಯ್ತು. ಕಾರಣ ಸರಳ, ಕೆಲಸ ಇರಲಿಲ್ಲ. (ಕೆಲಸ ಇಲ್ಲದಿದ್ರೆ ಬರೆಯಲಿಕ್ಕೆ ಟೈಮ್ ಜಾಸ್ತಿ ಸಿಗಬೇಕಲ್ವಾ ಅಂತ ಕೇಳಬಹುದು. ಟೈಮ್ ಇರುತ್ತೆ, ಮನಸ್ಸು ಇರಲ್ಲ :-) )

ನಾನು ಡೇಟಾಬೇಸ್ ಡೆವಲಪರ್. ಒರಾಕಲ್, ಎಸ್‌ಕ್ಯೂಎಲ್ ಸರ್ವರ್, ಈಚೆಗೆ ಪೋಸ್ಟ್‌ಗ್ರೆಸ್. ಬೆಂಗಳೂರಿನ ಕಾಂಟ್ರಾಕ್ಟ್ ಮುಗಿದ ಮೇಲೆ ವಿದ್ಯಾಗಿರಿಗೆ, ಅಪ್ಪ-ಅವ್ವನ ಹತ್ರ ಬಂದು ಕೂತಿದ್ದೀನಿ. ಸಂಜೆ ಕಾಲೇಜಿನ ಕಡೆ ತಿರುಗಾಡಲಿಕ್ಕೆ ಹೋದರೆ ಯಾರಾದರೂ ಒಬ್ಬರು ಸಿಕ್ಕೇ ಸಿಗ್ತಾರೆ. "ಏನಪಾ ತಮ್ಮಾ, ಯಾವಾಗ ಬಂದಿ? ಪರ್ಮನೆಂಟ್ ಆತೇನು?" ಹೋದ ತಿಂಗಳು ಒಂದು ಸಂಬಂಧ ಕೂಡ ಇದೇ ಮಾತಿಗೆ ತಪ್ಪಿತು. "ಹುಡುಗ ಶಾಣ್ಯಾ ಅದಾನ್ರಿ, ಆದ್ರ ಕೆಲಸ ಕಾಂಟ್ರಾಕ್ಟ್ ಅಂತಲ್ರಿ" ಅಂತ ಹೇಳಿ ಕಳಿಸಿದರು. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನನಗೆ ನಗು ಬರೋದು ಏನಂದ್ರೆ, ಈ ಮಾತು ಕೇಳೋರು ಬಾಗಲಕೋಟೆಯವರು! ಕೃಷ್ಣಾ ಮೇಲ್ದಂಡೆ ಯೋಜನೆ ಬಂತು, ಆಲಮಟ್ಟಿ ಹಿನ್ನೀರು ಬಂತು, ಹಳೇ ಊರಿನ ಎಷ್ಟೋ ಓಣಿಗಳು ಹೋದವು. ತಲೆತಲಾಂತರದ ಮನೆ ಬಿಟ್ಟು ಜನ ನವನಗರದ ಸೆಕ್ಟರ್‌ಗಳಿಗೆ ಬಂದರು. ಕಲ್ಲಿನ ಗೋಡೆಯೇ ಪರ್ಮನೆಂಟ್ ಆಗಲಿಲ್ಲ, ಇನ್ನು ಆಫರ್ ಲೆಟರ್ ಯಾವ ಲೆಕ್ಕ?

ಅಂಕಿ ನೋಡಿ. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್‌ನಲ್ಲಿ 13,249, ಇನ್ಫೋಸಿಸ್‌ನಲ್ಲಿ 25,994 ಜನ ಕಡಿಮೆಯಾದರು. 2025ರ ಜುಲೈನಲ್ಲಿ ಟಿಸಿಎಸ್ ಇನ್ನೂ ಸುಮಾರು 12,000 ಜನರನ್ನ ತೆಗೀತೀವಿ ಅಂತ ಹೇಳಿತು. ಇವರೆಲ್ಲ ಪರ್ಮನೆಂಟ್ ಜನಾನೇ. ಆದರೆ ಇಂಥ ಕಾಲದಲ್ಲಿ ಮೊದಲ ಪೆಟ್ಟು ನಮಗೇ ಬೀಳೋದು ಅನ್ನೋದೂ ನಿಜ. ಪ್ರಾಜೆಕ್ಟ್ ಕಡಿಮೆಯಾದಾಗ ಕಂಪನಿಗಳು ಬೆಂಚ್ ಮೇಲೆ ಕೂತ ತಮ್ಮವರನ್ನ ನಮ್ಮ ಸೀಟಿಗೆ ಹಾಕ್ತಾರೆ. ಅವರಿಗೆ ಹೆಂಗೂ ಸಂಬಳ ಕೊಡಲೇಬೇಕಲ್ಲ.

ಇಳಕಲ್ಲಿನಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಕುಣಿಮಗ್ಗ ಇದೆ. ಮಾಲೀಕರು ನೂಲು ಕೊಡ್ತಾರೆ, ಮಾವ ನೇಯ್ತಾನೆ, ಸೀರೆಗೆ ಇಷ್ಟು ಅಂತ ಕೂಲಿ. ಒಡಲಿನ ಹಾಸಿಗೆ ಸೆರಗಿನ ಹಾಸು ಸೇರಿಸೋ ಕೊಂಡಿ ಇದೆಯಲ್ಲ, ಅದೇ ಇಳಕಲ್ ಸೀರೆಯ ಗುಟ್ಟು. (ನಾನೂ ದಿನಾ ಎರಡು ಟೇಬಲ್ ಜಾಯಿನ್ ಮಾಡ್ತೀನಿ, ಯಾರೂ ಹೊಗಳಲ್ಲ :-) ) ನನ್ನ ಕಥೆ ಹೇಳಿಕೊಂಡಾಗ ಮಾವ ಒಂದೇ ಪ್ರಶ್ನೆ ಕೇಳಿದ. "ರೇಟ್ ಎಷ್ಟರ ಇರಲಿ, ರೊಕ್ಕಾ ಎಂದು ಕೊಡ್ತಾರ ಅಂತ ಕೇಳಿದ್ಯೇನು?"

ಕೇಳಿರಲಿಲ್ಲ! ನನ್ನ ಮೇಲೆ ಒಬ್ಬ ವೆಂಡರ್, ಅವನ ಮೇಲೆ ಇನ್ನೊಬ್ಬ, ಅವನ ಮೇಲೆ ಸರ್ವಿಸ್ ಕಂಪನಿ, ಅದರ ಮೇಲೆ ಕ್ಲೈಂಟ್. ಮೇಲಿಂದ ಬಂದ ಮೇಲೆ ಕೊಡ್ತೀನಿ ಅಂತ ವೆಂಡರ್ ಹೇಳ್ತಾನೆ. ಎರಡು ತಿಂಗಳ ದುಡ್ಡು ಇನ್ನೂ ಬಂದಿಲ್ಲ. ರೇಟಿಗಾಗಿ ಅರ್ಧ ದಿನ ಚೌಕಾಶಿ ಮಾಡಿದವನು ದುಡ್ಡು ಬರೋ ದಿನದ ಬಗ್ಗೆ ಒಂದು ಸಾಲು ಬರೆಸಿಕೊಂಡಿರಲಿಲ್ಲ.

ಆಮೇಲೆ ತಿಳಿದದ್ದು ಇದು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಕೊಡಬೇಕಾದ ದುಡ್ಡನ್ನ, ಕರಾರು ಇದ್ದರೂ 45 ದಿನಕ್ಕಿಂತ ಹೆಚ್ಚು ತಡ ಮಾಡೋ ಹಾಗಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಒಬ್ಬನೇ ಕೂತು ಇನ್‌ವಾಯ್ಸ್ ಕಳಿಸೋ ನಮ್ಮಂಥವರೂ 'ಉದ್ಯಮ್' ನೋಂದಣಿ ಮಾಡಿಸಬಹುದು. ಆಧಾರ್, ಪ್ಯಾನ್ ಇದ್ದರೆ ಆಯ್ತು, ಫೀ ಇಲ್ಲ. (ವೆಂಡರ್ ಪೇರೋಲ್‌ನಲ್ಲಿ ಇರೋರಿಗೆ ಇದು ಅನ್ವಯಿಸಲ್ಲ.) ನಾನು ಮಾಡಿಸಿದ್ದು ಕೆಲಸ ಮುಗಿದ ಮೇಲೆ. ನೋಂದಣಿಗಿಂತ ಹಿಂದಿನ ಕೆಲಸಕ್ಕೆ ಈ ರಕ್ಷಣೆ ಸಿಗಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಪ್ರಶ್ನೆಯನ್ನ 2025ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿದ್ದಾರೆ, ಅದು ಬೇರೆ ಮಾತು. ನೀವು ಮಾತ್ರ ಮೊದಲೇ ಮಾಡಿಸಿ.

ಇನ್ನು ಕೆಲಸ ಎಲ್ಲಿದೆ? ನನ್ನ ಅಭಿಪ್ರಾಯ, ಮಾರ್ಕೆಟ್ ಬಿದ್ದಾಗ ರೇಟ್ ಇಳಿಸಬೇಡಿ, ಕೆಲಸದ ಅಳತೆ ಇಳಿಸಿ. ಆರು ತಿಂಗಳ ಸೀಟು ಕೇಳಿದರೆ ಯಾರೂ ಕೊಡಲ್ಲ. "ಎರಡು ವಾರ ಕೊಡಿ, ನಿಮ್ಮ ನಿಧಾನವಾದ ಹತ್ತು ಕ್ವೆರಿ ಸರಿ ಮಾಡ್ತೀನಿ" ಅಂದರೆ ಕಿವಿ ಕೊಡ್ತಾರೆ, ಯಾಕಂದ್ರೆ ಕ್ಲೌಡ್ ಬಿಲ್ ಅವರಿಗೂ ಚುಚ್ಚುತ್ತೆ. ಲೈಸೆನ್ಸ್ ಖರ್ಚು ಉಳಿಸಲಿಕ್ಕೆ ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗೋರು ಇದ್ದಾರೆ. ಹಳೇ ವರ್ಷನ್‌ಗಳಿಗೂ ಗಡುವು ಇರುತ್ತೆ: ಎಸ್‌ಕ್ಯೂಎಲ್ ಸರ್ವರ್ 2014ರ ಬೆಂಬಲ 2024ರ ಜುಲೈ 9ಕ್ಕೆ ಮುಗಿಯಿತು, 2016ರದ್ದಕ್ಕೆ 2026ರ ಜುಲೈ 14 ಅಂತ ಗೊತ್ತು ಮಾಡಿದ್ದಾರೆ. ರೈತ ಮಳೆ ನಕ್ಷತ್ರ ನೋಡಿದ ಹಾಗೆ ನಾವು ಈ ತಾರೀಖು ನೋಡಬೇಕು.

ನನಗೆ ಹೊಸದಾಗಿ ಸಿಕ್ಕ ಕೆಲಸ ಬೆಂಗಳೂರಿನದಲ್ಲ, ಇಲ್ಲಿಯದೇ ಒಂದು ಪತ್ತಿನ ಸಹಕಾರಿ ಸಂಘದ್ದು. ತಿಂಗಳ ಕೊನೆಗೆ ಬಡ್ಡಿ ಲೆಕ್ಕದ ರಿಪೋರ್ಟ್ ಬರಲಿಕ್ಕೆ ನಾಲ್ಕು ತಾಸು ಹಿಡೀತಿತ್ತು. ನೋಡಿದರೆ ವಹಿವಾಟಿನ ಟೇಬಲ್‌ನಲ್ಲಿ ಖಾತೆ ನಂಬರಿಗೆ ಇಂಡೆಕ್ಸೇ ಇಲ್ಲ! ಹಾಕಿದೆ, ಒಂದೆರಡು ಕ್ವೆರಿ ತಿದ್ದಿದೆ, ಆರು ನಿಮಿಷಕ್ಕೆ ಬಂತು. ಮ್ಯಾನೇಜರ್ ಸಾಹೇಬ್ರು ಚಹಾ ತರಿಸಿ, ಅದೇ ದಿನ ಚೆಕ್ ಕೈಗೆ ಕೊಟ್ಟರು. ದೊಡ್ಡ ಮೊತ್ತವೇನಲ್ಲ, ಆದರೆ ನಡುವೆ ಯಾವ ವೆಂಡರೂ ಇರಲಿಲ್ಲ.

ಕಾಂಟ್ರಾಕ್ಟ್ ಕೆಲಸ ಅವಮಾನ ಅಲ್ಲ ಅಂತ ನನಗೆ ಈಗ ಅನ್ನಿಸಿದೆ. ಮಾಡಿದ ಕೆಲಸದ ಕೂಲಿಗೆ ಅಂಗಲಾಚೋದು ಅವಮಾನ. ಅಷ್ಟಾದರೂ ನಾವು ನಾವೇ ಸೇರಿ ಸರಿ ಮಾಡಿಕೊಳ್ಳಬಹುದು, ಯಾವ ವೆಂಡರ್ ತಡ ಮಾಡ್ತಾನೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡರೂ ಸಾಕು.

ಅವ್ವನಿಗೆ ಆ ಚೆಕ್ ತೋರಿಸಿದೆ. "ಇದು ಪರ್ಮನೆಂಟ್ ಏನೋ?" ಅಂದಳು. "ಇಲ್ಲಬೇ, ಆದ್ರ ಪಾಸ್ ಆಗತೈತಿ" ಅಂದೆ. ನಕ್ಕಳು. ಅವತ್ತು ರೊಟ್ಟಿ ಜೊತೆ ಎಣ್ಣಿಗಾಯಿ ಇತ್ತು.

ನಿಮ್ಮಲ್ಲಿ ಯಾರಾದರೂ ಇದೇ ದಾರೀಲಿ ಇದ್ದರೆ ಹೇಳಿ, ನಿಮಗೆ ದುಡ್ಡು ಎಷ್ಟು ದಿನಕ್ಕೆ ಬರುತ್ತೆ?