ನಮ್ಮೂರ ಲೆಕ್ಕ – 7: ವಿಆರ್ ಕನ್ನಡಕ ಮೊದಲು ಹಳ್ಳಿಗೆ ಬರ್ಲಿ

ಫ್ರೆಂಡ್ಸ್, ವಿಆರ್ ಹೆಡ್‌ಸೆಟ್ ಅಂದ ತಕ್ಷಣ ನಿಮಗೆ ಮಾಲ್‌ನ ಗೇಮಿಂಗ್ ಜೋನ್ ನೆನಪಾಗುತ್ತೆ ಅಲ್ವಾ? ನನ್ನ ಪ್ರಕಾರ ಅದು ಇರಬೇಕಾದ ಜಾಗ ನಮ್ಮ ಕುದಾಪುರ ಸುತ್ತಮುತ್ತಲಿನ ಆರೋಗ್ಯ ಕೇಂದ್ರಗಳು. ಯಾಕೆ ಅಂತ ಹೇಳ್ತೀನಿ, ಪೂರ್ತಿ ಓದಿ.

ಲಕ್ವ ಹೊಡೆದು ಒಂದು ಕೈ ಸ್ವಾಧೀನ ತಪ್ಪಿದವರನ್ನ ತಗೊಳ್ಳಿ. ಆಸ್ಪತ್ರೆಯಿಂದ ಮನೆಗೆ ಬಂದ್ಮೇಲೂ ಕೈ ಎತ್ತೋ, ಬೆರಳು ಮಡಚೋ ವ್ಯಾಯಾಮ ತಿಂಗಳುಗಟ್ಟಲೆ ಮಾಡ್ಬೇಕು. ಅದಕ್ಕೆ ಹಳ್ಳಿಯಿಂದ ಚಳ್ಳಕೆರೆಗೋ ಚಿತ್ರದುರ್ಗಕ್ಕೋ ಓಡಾಟ. ಜೊತೆಗೆ ಮನೆಯವರೊಬ್ಬರು ಬೇಕು. ಕಾಸ್ಟಿಂಗ್ ಕ್ಲಾಸಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಓದ್ತೀವಲ್ಲ, ಇದೇ ಅದು. ಇಬ್ಬರ ಬಸ್ ಚಾರ್ಜು, ಒಬ್ಬರ ದಿನದ ಕೂಲಿ. ಆಸ್ಪತ್ರೆ ಬಿಲ್‌ನಲ್ಲಿ ಈ ಲೆಕ್ಕ ಬರಲ್ಲ. ಆದ್ರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲೋಕೆ ಈ ಖರ್ಚೇ ಸಾಕು.

ವಿಆರ್ ಕೆಲಸಕ್ಕೆ ಬರೋದು ಇಲ್ಲೇ. ಹೆಡ್‌ಸೆಟ್ ಹಾಕ್ಕೊಂಡ್ರೆ ಕಣ್ಣ ಮುಂದೆ ಒಂದು ಆಟ. ಹಣ್ಣು ಕೀಳ್ಬೇಕು ಅಂದ್ರೆ ಕೈ ಎತ್ತಲೇಬೇಕು. ಕೈ ಎಷ್ಟು ಎತ್ತರ ಹೋಯ್ತು, ಎಷ್ಟು ಸಲ ಹೋಯ್ತು ಅಂತ ಸಾಧನ ದಾಖಲು ಮಾಡುತ್ತೆ. ದೂರದಲ್ಲಿರೋ ಫಿಸಿಯೋಥೆರಪಿಸ್ಟ್ ಅದನ್ನ ನೋಡಿ ಮುಂದಿನ ವಾರದ ವ್ಯಾಯಾಮ ಬದಲಾಯಿಸಬಹುದು. ಇದು ಬರೀ ಕನಸಲ್ಲ. 2021ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ, ಹಳೇ ಸೊಂಟನೋವಿನವರು ಮನೆಯಲ್ಲೇ 8 ವಾರ ಬಳಸೋ ವಿಆರ್ ಸಾಧನಕ್ಕೆ ಅನುಮತಿ ಕೊಟ್ಟಿದೆ.

"ನಮ್ ಕಡೆ ಇದೆಲ್ಲ ಆಗುತ್ತಾ?" ಅಂತೀರಾ? 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲಾಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಕನೆಕ್ಟ್ ಆಗಿದ್ವು. 2019ರಿಂದ ಇ-ಸಂಜೀವಿನಿ ಇದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ರೋಗಿ ಪಕ್ಕ ಕೂತು, ಸ್ಕ್ರೀನ್‌ನಲ್ಲಿ ಡಾಕ್ಟರ್ ಹತ್ರ ಮಾತಾಡಿಸ್ತಾರೆ. ಅದೇ ಕೊಠಡಿಯಲ್ಲಿ ಒಂದು ಹೆಡ್‌ಸೆಟ್ ಇಟ್ರೆ ಸಾಕು. ಹತ್ತು ಜನ ಬಳಸಿದ್ರೆ ಫಿಕ್ಸೆಡ್ ಕಾಸ್ಟ್ ಹತ್ತು ಪಾಲಾಗುತ್ತೆ.

ಆದ್ರೆ ಇದನ್ನ ಮಂತ್ರದಂಡ ಅಂದ್ಕೋಬೇಡಿ. ಶೇಂಗಾ ಹೊಲದಲ್ಲಿ ಹಾವು ಕಚ್ಚಿದ್ರೆ ಬೇಕಿರೋದು ಆಂಟಿವೆನಮ್, ಕನ್ನಡಕ ಅಲ್ಲ. ಕೆಲವರಿಗೆ ವಿಆರ್‌ನಿಂದ ತಲೆ ಸುತ್ತುತ್ತೆ, ವಾಕರಿಕೆ ಬರುತ್ತೆ. ಮಾಮೂಲಿ ಫಿಸಿಯೋಥೆರಪಿ ಬಿಡಿಸೋಕೆ ಅಲ್ಲ, ಅದರ ಜೊತೆಗೆ ಕೊಡೋಕೆ ಇದು. ಖಾಲಿ ಇರೋ ಡಾಕ್ಟರ್ ಹುದ್ದೆಗೆ ವಿಆರ್ ಬದಲಿ ಅಂತ ಯಾರಾದ್ರೂ ಹೇಳಿದ್ರೆ ನಾನೇ ಮೊದಲು ವಿರೋಧಿಸ್ತೀನಿ. ನೆಟ್‌ವರ್ಕ್ ಗಟ್ಟಿ ಇರಬೇಕು. ಸೂಚನೆಗಳು ಅಜ್ಜಿಗೂ ಅರ್ಥ ಆಗೋ ಕನ್ನಡದಲ್ಲಿ ಇರಬೇಕು.

ಇನ್ನು ನನ್ನ ಅಸಲಿ ಮಾತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟಿದ್ದಾರೆ. ಇಸ್ರೋ, ಡಿಆರ್‌ಡಿಒಗೂ ಇಲ್ಲೇ ಜಾಗ ಸಿಕ್ಕಿದೆ. ಅದೆಲ್ಲ ನಮ್ಮವರು ಕುರಿ, ದನ ಮೇಯಿಸ್ತಿದ್ದ ಅಮೃತಮಹಲ್ ಕಾವಲು. ಅದೇ ವಿಜ್ಞಾನ ಸಂಸ್ಥೆ ಈಗ ಬೆಂಗಳೂರಲ್ಲಿ ವೈದ್ಯಕೀಯ ಶಿಕ್ಷಣಕ್ಕೂ ಆಸ್ಪತ್ರೆಗೂ ಕೈ ಹಾಕಿದೆ. ಹಂಗಾದ್ರೆ ದೂರ ಚಿಕಿತ್ಸೆಯ ಪ್ರಯೋಗ ಕಾಂಪೌಂಡ್ ಪಕ್ಕದ ಹಳ್ಳಿಗಳಿಂದ ಯಾಕೆ ಶುರುವಾಗ್ಬಾರ್ದು? ವಿಜ್ಞಾನ ನಗರಿ ಅನ್ನೋ ಹೆಸರು ಬೋರ್ಡ್‌ಗೆ ಮಾತ್ರ ಸಾಕಾ?

ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿ ನಡೀತಿದೆಯಾ? ಈ ವಾರ ಹೋಗಿ ಕೇಳಿ, ಊರ ಹೆಸರು ಸಮೇತ ಕಾಮೆಂಟ್ ಹಾಕಿ. ಆ ಪಟ್ಟಿ ಹಿಡ್ಕೊಂಡು ಗ್ರಾಮಸಭೆಯಲ್ಲಿ ಮಾತಾಡೋಣ.

#ನಮ್ಮೂರಲೆಕ್ಕ #ಕುದಾಪುರ #ಚಳ್ಳಕೆರೆ #ಮೊಳಕಾಲ್ಮೂರು